ಸೀರೆಯ ಬಣ್ಣ ಸ್ಕ್ರೀನಿನಲ್ಲಿ ಸರಿ ಕಾಣಬೇಕಾದರೆ: ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ, ಡಿಸ್‌ಪ್ಲೇ ಪಿ3 – ಯಾವುದು ಎಲ್ಲಿಗೆ?

ಆನ್‌ಲೈನಿನಲ್ಲಿ ಸೀರೆ ಮಾರುವವರು ಒಂದು ಮಾತನ್ನು ಕೇಳಿಯೇ ಇರುತ್ತಾರೆ: "ಫೋಟೋದಲ್ಲಿ ಇದ್ದ ಬಣ್ಣವೇ ಬೇರೆ, ಬಂದಿರೋ ಸೀರೆಯೇ ಬೇರೆ." ನವಿಲು ಹಸಿರಿನ ಒಡಲು ಫೋಟೋದಲ್ಲಿ ಮಂಕು ನೀಲಿಯಾಗಿರುತ್ತದೆ. ರಾಣಿ ಬಣ್ಣ ಒಬ್ಬರ ಮೊಬೈಲಿನಲ್ಲಿ ಕಣ್ಣು ಕುಕ್ಕುತ್ತದೆ, ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಸಪ್ಪೆ ಗುಲಾಬಿಯಾಗಿ ಕಾಣುತ್ತದೆ. ಮಾರುವವರು ಮೋಸ ಮಾಡಿಲ್ಲ, ಕೊಳ್ಳುವವರೂ ಸುಳ್ಳು ಹೇಳುತ್ತಿಲ್ಲ. ಬಣ್ಣ ದಾರಿಯಲ್ಲಿ ಬದಲಾಗಿದೆ.

ಆ ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಶೀರ್ಷಿಕೆಯಲ್ಲಿರುವ ಮೂರೂ ಕಲರ್ ಸ್ಪೇಸ್‌ಗಳು, ಅಂದರೆ ಒಂದು ಚಿತ್ರ ಎಷ್ಟು ಬಣ್ಣಗಳನ್ನು ಹಿಡಿದಿಡಬಲ್ಲದು ಅಂತ ಗೊತ್ತುಮಾಡುವ ಅಳತೆಗಳು. ಕ್ಯಾಮೆರಾ ಮೆನುವಿನಲ್ಲಿ ಎಸ್‌ಆರ್‌ಜಿಬಿ ಇಡಬೇಕಾ, ಅಡೋಬಿ ಆರ್‌ಜಿಬಿ ಇಡಬೇಕಾ? ಮೊಬೈಲ್ ಡಿಸ್‌ಪ್ಲೇ ವಿವಿಡ್‌ನಲ್ಲಿ ಇರಲಾ, ನ್ಯಾಚುರಲ್‌ನಲ್ಲಿ ಇರಲಾ? ಜೆಪೆಗ್ ಸಾಕಾ? ಸೀರೆ ಫೋಟೋಗಳ ಕೆಲಸವೇ ನನ್ನದು, ಹಾಗಾಗಿ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರವನ್ನು ಕೊನೆಗೆ ಯಾರು, ಯಾವುದರಲ್ಲಿ ನೋಡುತ್ತಾರೆ ಅನ್ನುವುದರಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಮೂಲವನ್ನು ರಾ ಫೈಲ್ (ಕ್ಯಾಮೆರಾ ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್) ಆಗಿ ಇಟ್ಟುಕೊಳ್ಳಿ. ಗ್ರಾಹಕರಿಗೆ ಕಳಿಸುವುದು ಎಸ್‌ಆರ್‌ಜಿಬಿಯಲ್ಲಿ ಇರಲಿ. ಅಚ್ಚಿಗೆ ಹೋಗುವುದನ್ನು ಪ್ರೆಸ್ಸಿನವರನ್ನು ಕೇಳಿಯೇ ತಯಾರು ಮಾಡಿ. ಬಣ್ಣದ ವ್ಯಾಪ್ತಿ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ತುಂಬಾ ಜನರಲ್ಲಿದೆ. ಅದು ಅರ್ಧ ಮಾತ್ರ ನಿಜ. ಯಾಕೆ ಅಂತ ತಿಳಿಯಲು ಸ್ಕ್ರೀನ್ ಬಣ್ಣ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಳದಿ ಚುಕ್ಕಿಯೇ ಇಲ್ಲದ ಹಳದಿ

ಮೊಬೈಲಿನಲ್ಲಿ ಕನ್ನಡ ಬಾವುಟದ ಚಿತ್ರ ತೆರೆಯಿರಿ. ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ನೀರು ತೆಗೆದುಕೊಂಡು ಹಳದಿ ಭಾಗದ ಮೇಲೆ ಇಡಿ. ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ. ಒಳಗೆ ಇಣುಕಿದರೆ ಕೆಂಪು ಮತ್ತು ಹಸಿರು ಚುಕ್ಕಿಗಳು ಕಾಣುತ್ತವೆ. ಹಳದಿ ಚುಕ್ಕಿ ಒಂದೂ ಸಿಗುವುದಿಲ್ಲ. ಹನಿಯನ್ನು ಕೆಳಗಿನ ಕೆಂಪು ಭಾಗಕ್ಕೆ ಸರಿಸಿದರೆ ಹಸಿರು ಚುಕ್ಕಿಗಳು ಆರಿಹೋಗಿ ಕೆಂಪು ಮಾತ್ರ ಉಳಿಯುತ್ತದೆ.

ಹಾಗಾದರೆ ಹಳದಿ ಎಲ್ಲಿ ಹುಟ್ಟಿತು? ನಮ್ಮ ಕಣ್ಣಿನಲ್ಲಿ. ರೆಟಿನಾದಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಒಂದು ಬಗೆಯದು ಸುಮಾರು 420 ನ್ಯಾನೋಮೀಟರ್ ತರಂಗದ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತದೆ, ಇನ್ನೊಂದು 530ರ ಆಸುಪಾಸಿಗೆ, ಮತ್ತೊಂದು 560ರ ಆಸುಪಾಸಿಗೆ. ಮಿದುಳಿಗೆ ಸಿಗುವುದು ಈ ಮೂರು ಕೋಶಗಳ ವರದಿ ಮಾತ್ರ. ಮೊದಲು ಬೀದಿಗಳಲ್ಲಿ ಉರಿಯುತ್ತಿದ್ದ ಸೋಡಿಯಂ ದೀಪ ನೆನಪಿದೆ ಅಲ್ವಾ? ಸೋಡಿಯಂನ ಹಳದಿ 589 ನ್ಯಾನೋಮೀಟರಿನ ಹತ್ತಿರದ ಬೆಳಕು. ಅರಿಶಿನದ ಪುಡಿಯಾದರೆ ನೀಲಿಯನ್ನು ನುಂಗಿ, ಹಸಿರಿನಿಂದ ಕೆಂಪಿನವರೆಗಿನ ಬೆಳಕನ್ನೆಲ್ಲ ಹಿಂದಕ್ಕೆ ಕಳಿಸುತ್ತದೆ. ಮೊಬೈಲ್ ಸುಮ್ನೆ ಕೆಂಪನ್ನೂ ಹಸಿರನ್ನೂ ಪಕ್ಕಪಕ್ಕ ಉರಿಸುತ್ತದೆ. ಮೂರೂ ಬೇರೆ ಬೇರೆ ಬೆಳಕು. ಆದರೆ ಕೋಶಗಳ ವರದಿ ಒಂದೇ ಥರ ಬಂದರೆ ಮಿದುಳು ಮೂರಕ್ಕೂ ಹಳದಿ ಅಂತಲೇ ಹೇಳುತ್ತದೆ.

ಇದನ್ನು ಜನರ ಮುಂದೆ ಮಾಡಿ ತೋರಿಸಿದವರು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1861ರ ಮೇ 17ರಂದು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ. ಬಣ್ಣ ಬಣ್ಣದ ಚೌಕಳಿಯ ಒಂದು ರಿಬ್ಬನ್ನನ್ನು ಛಾಯಾಗ್ರಾಹಕ ಥಾಮಸ್ ಸಟನ್ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಹಿಂದಿನಿಂದ ಒಂದೊಂದಾಗಿ ಸೆರೆಹಿಡಿದಿದ್ದರು. ಸಿಕ್ಕಿದ ಮೂರೂ ಚಿತ್ರಗಳು ಕಪ್ಪು ಬಿಳುಪು. ಮ್ಯಾಕ್ಸ್‌ವೆಲ್ ಅವನ್ನು ಅದೇ ಫಿಲ್ಟರುಗಳ ಮೂಲಕ ಒಂದೇ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದರು. ರಿಬ್ಬನ್ ಬಣ್ಣದಲ್ಲಿ ಮೂಡಿತು. ನಂತರ ತಿಳಿದ ಒಂದು ಸಂಗತಿ ನನಗೆ ಬಹಳ ಇಷ್ಟ. ಆ ಕಾಲದ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ರಿಬ್ಬನ್ನಿನ ಕೆಂಪು ಬಟ್ಟೆ ಅತಿನೇರಳೆ ಕಿರಣವನ್ನೂ ಪ್ರತಿಫಲಿಸುತ್ತಿತ್ತು, ಕೆಂಪು ಫಿಲ್ಟರು ಅದನ್ನೂ ಒಳಗೆ ಬಿಡುತ್ತಿತ್ತು, ಪ್ಲೇಟು ಅದನ್ನು ಹಿಡಿದಿತ್ತು. ಕ್ಯಾಮೆರಾ ನೋಡುವ ಬೆಳಕೂ ಕಣ್ಣು ನೋಡುವ ಬೆಳಕೂ ಒಂದೇ ಅಲ್ಲ ಅನ್ನುವುದು ಮೊದಲ ಬಣ್ಣದ ಫೋಟೋದಲ್ಲೇ ಗೊತ್ತಾಗುತ್ತದೆ. ಇವತ್ತಿಗೂ ಕೆಲವು ನೇರಳೆ ರೇಷ್ಮೆಗಳು ಫೋಟೋದಲ್ಲಿ ನೀಲಿಯಾಗಿ ಬರುವುದಕ್ಕೆ ಇಂಥ ವ್ಯತ್ಯಾಸವೇ ಕಾರಣ.

ಮೂರು ಬೆಳಕು ಬೆರೆಸಿ ಎಲ್ಲ ಬಣ್ಣವನ್ನೂ ಮಾಡಬಹುದಾ? ಆಗುವುದಿಲ್ಲ. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬ ವಿಜ್ಞಾನಿಗಳಿಬ್ಬರೂ ಬೇರೆ ಬೇರೆಯಾಗಿ ಇದನ್ನು ಅಳೆದರು. ನೋಡುವವರ ಎದುರು ಒಂದು ಕಡೆ ಶುದ್ಧ ಬಣ್ಣದ ಬೆಳಕು, ಇನ್ನೊಂದು ಕಡೆ ಕೆಂಪು ಹಸಿರು ನೀಲಿಯ ಮಿಶ್ರಣ. ಎರಡೂ ಒಂದೇ ಥರ ಕಾಣುವ ತನಕ ಮಿಶ್ರಣ ಹೊಂದಿಸಬೇಕು. ಹಸಿರು ಮತ್ತು ನೀಲಿಯ ನಡುವಿನ ಬಣ್ಣಗಳಿಗೆ ಬಂದಾಗ ಏನು ಮಾಡಿದರೂ ಹೊಂದುತ್ತಿರಲಿಲ್ಲ. ಶುದ್ಧ ಬಣ್ಣದ ಕಡೆಗೇ ಸ್ವಲ್ಪ ಕೆಂಪು ಸೇರಿಸಿ ಅದನ್ನು ಮಂಕು ಮಾಡಿದರೆ ಮಾತ್ರ ಸಮವಾಗುತ್ತಿತ್ತು. ಅಂದರೆ ಮಿಶ್ರಣದ ಕಡೆ ಕೆಂಪು ಸೊನ್ನೆಗಿಂತ ಕಡಿಮೆ ಇರಬೇಕಿತ್ತು. ಸ್ಕ್ರೀನ್ ಕೆಂಪನ್ನು ಪೂರ್ತಿ ನಂದಿಸಬಹುದು, ಆದರೆ ನಂದಿಸಿದ್ದಕ್ಕಿಂತ ಕಡಿಮೆ ಮಾಡುವುದು ಹೇಗೆ? ಆ ಅಳತೆಗಳಿಂದಲೇ 1931ರಲ್ಲಿ ಸಿಐಇ (ಬೆಳಕಿನ ಅಂತರರಾಷ್ಟ್ರೀಯ ಆಯೋಗ) ಬಣ್ಣದ ನಕ್ಷೆ ಬಂತು, ಕಣ್ಣಿಗೆ ಕಾಣುವ ಬಣ್ಣಗಳನ್ನೆಲ್ಲ ತೋರಿಸುವ ನಕ್ಷೆ. ಯಾವ ಸ್ಕ್ರೀನಿನ ಬಣ್ಣಗಳೂ ಆ ನಕ್ಷೆಯೊಳಗೆ ಒಂದು ತ್ರಿಕೋನ. ಮೂರು ಮೂಲೆಗಳಲ್ಲಿ ಅದರ ಕೆಂಪು, ಹಸಿರು, ನೀಲಿ. ತ್ರಿಕೋನದ ಹೊರಗಿನದನ್ನು ಆ ಸ್ಕ್ರೀನ್ ತೋರಿಸಲಾರದು.

ನವಿಲು ಹಸಿರು ಯಾಕೆ ಇಷ್ಟು ಕಾಟ ಕೊಡುತ್ತದೆ ಅಂತ ಈಗ ಗೊತ್ತಾಯಿತಲ್ಲ. ಅದು ಹೊಂದಿಕೆಯಾಗದ ಆ ಜಾಗದ ಬಣ್ಣ.

255, 0, 0 ಅಂದರೆ ಯಾರ ಕೆಂಪು?

ಡಿಜಿಟಲ್ ಚಿತ್ರದೊಳಗೆ ಬಣ್ಣ ಇರುವುದಿಲ್ಲ. ಪ್ರತಿ ಪಿಕ್ಸೆಲ್‌ಗೂ ಮೂರು ಸಂಖ್ಯೆ ಇರುತ್ತದೆ, 0ಯಿಂದ 255ರವರೆಗೆ. ಎರಡು ಲೋಟ ಅಕ್ಕಿ ಹಾಕಿ ಅಂತ ಹೇಳಿ, ಯಾರ ಮನೆಯ ಲೋಟ ಅಂತ ಹೇಳದಿದ್ದರೆ ಹೇಗೋ ಹಾಗೆ, ಬರೀ ಸಂಖ್ಯೆಯಿಂದ ಬಣ್ಣ ಗೊತ್ತಾಗುವುದಿಲ್ಲ. ಯಾವ ಕೆಂಪು, ಯಾವ ಹಸಿರು, ಯಾವ ನೀಲಿ ಅಂತ ಹೇಳುವುದು ಫೈಲಿನ ಜೊತೆ ಹೋಗುವ ಕಲರ್ ಪ್ರೊಫೈಲ್.

ಒಂದು ಉದಾಹರಣೆ ನೋಡಿ. ಎಸ್‌ಆರ್‌ಜಿಬಿಯಲ್ಲಿ ಪೂರ್ತಿ ಕೆಂಪು ಅಂದರೆ 255, 0, 0. ಅದೇ ಕೆಂಪನ್ನು ಡಿಸ್‌ಪ್ಲೇ ಪಿ3ಯಲ್ಲಿ ಬರೆದರೆ 234, 51, 35 ಆಗುತ್ತದೆ. ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ 219, 0, 0. ಬಣ್ಣ ಒಂದೇ, ಬರೆದಿರುವ ರೀತಿ ಮೂರು. ಈಗ ಪಿ3 ಚಿತ್ರ ಎಲ್ಲೋ ಅಪ್‌ಲೋಡ್ ಆಗುವಾಗ ಅದರ ಪ್ರೊಫೈಲ್ ಕಳಚಿಹೋಯಿತು ಅಂದುಕೊಳ್ಳಿ. ಪ್ರೊಫೈಲ್ ಇಲ್ಲದ ಚಿತ್ರವನ್ನು ಬ್ರೌಸರುಗಳು ಎಸ್‌ಆರ್‌ಜಿಬಿ ಅಂತಲೇ ಓದುತ್ತವೆ. 234, 51, 35 ಅನ್ನು ಹಾಗೆ ಓದಿದರೆ ಕುಂಕುಮದ ಕೆಂಪು ಹೋಗಿ ಇಟ್ಟಿಗೆಯ ಕಡೆ ವಾಲಿದ ಕೆಂಪು ಬರುತ್ತದೆ. ಮದುವಣಗಿತ್ತಿಯರ ಇಳಕಲ್ ಸೀರೆಗೆ ಬಳಸುವ ಗಿರಿ ಕುಂಕುಮದಂಥ ಬಣ್ಣಕ್ಕೆ ಇದು ಸಣ್ಣ ಪೆಟ್ಟಲ್ಲ. ನೇಯ್ದವರು ಬಣ್ಣಕ್ಕಾಗಿ ಪಟ್ಟ ಪಾಡು ಒಂದು ಅಪ್‌ಲೋಡಿನಲ್ಲಿ ಹೋಗಬಾರದು.

ಮೂರನ್ನು ಪಕ್ಕಪಕ್ಕ ಇಟ್ಟರೆ

ಎಸ್‌ಆರ್‌ಜಿಬಿಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಆಗ ಮೇಜಿನ ಮೇಲಿದ್ದ ದಪ್ಪ ಪಿಕ್ಚರ್ ಟ್ಯೂಬ್ ಮಾನಿಟರುಗಳು ಏನು ತೋರಿಸಬಲ್ಲವೋ ಅದರ ಮೇಲೆ ಇದರ ಅಳತೆ ನಿಂತಿದೆ. ಹಾಗಾಗಿ ವ್ಯಾಪ್ತಿ ಚಿಕ್ಕದು. ಸಿಐಇ ನಕ್ಷೆಯ ವಿಸ್ತೀರ್ಣದಲ್ಲಿ ಶೇಕಡ 35ರ ಆಸುಪಾಸು. ಆದರೆ ಇದರ ಬಲ ಬೇರೆ ಕಡೆ ಇದೆ. ಪ್ರೊಫೈಲ್ ಕಳೆದುಹೋದರೂ ಬಣ್ಣ ಕೆಡುವುದಿಲ್ಲ, ಯಾಕೆಂದರೆ ಎಲ್ಲ ಕಡೆ ಊಹೆ ಎಸ್‌ಆರ್‌ಜಿಬಿಯದ್ದೇ. ನಿಮ್ಮ ಫೋಟೋ ಯಾವ ಮೊಬೈಲಿನಲ್ಲಿ, ಯಾವ ಆ್ಯಪ್‌ನಲ್ಲಿ, ಎಷ್ಟನೇ ಫಾರ್ವರ್ಡ್‌ನಲ್ಲಿ ತೆರೆಯುತ್ತದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಇದನ್ನು ಬಿಟ್ಟು ಬೇರೆ ಯೋಚನೆಯೇ ಬೇಡ.

ಅಡೋಬಿ ಆರ್‌ಜಿಬಿ 1998ರದು. ಹುಟ್ಟಿದ್ದೇ ಅಚ್ಚಿನ ಕೆಲಸಕ್ಕಾಗಿ. ಇದರ ಕೆಂಪು ಮತ್ತು ನೀಲಿ ಮೂಲೆಗಳು ಎಸ್‌ಆರ್‌ಜಿಬಿಯವೇ. ಹಸಿರಿನ ಮೂಲೆಯನ್ನು ಮಾತ್ರ ದೂರಕ್ಕೆ ಎಳೆದಿದ್ದಾರೆ. ಹೀಗಾಗಿ ಲಾಭವೆಲ್ಲ ಹಸಿರು ಮತ್ತು ಹಸಿರು ನೀಲಿಯ ಕಡೆ. ಪ್ರೆಸ್ಸಿನ ಸಯಾನ್ ಇಂಕಿನ ಬಣ್ಣ ಎಸ್‌ಆರ್‌ಜಿಬಿಯ ಹೊರಗೆ ಬೀಳುತ್ತದೆ, ಇದರೊಳಗೆ ಸಿಗುತ್ತದೆ. ನವಿಲು ಹಸಿರು, ಎಂಎಸ್ ಬ್ಲೂ (ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಹೆಸರಿನ ನೀಲಿ) ಸೀರೆಗಳ ಕ್ಯಾಟಲಾಗ್ ಒಳ್ಳೆಯ ಆರ್ಟ್ ಪೇಪರಿನಲ್ಲಿ ಅಚ್ಚಾಗುವುದಾದರೆ ಅಡೋಬಿ ಆರ್‌ಜಿಬಿಗೆ ಅರ್ಥವಿದೆ. ಕಡುಕೆಂಪು ಸೀರೆಗೆ ಇದರಿಂದ ಏನೂ ಸಿಗುವುದಿಲ್ಲ. ಅಪಾಯವೂ ಇದೆ. ಪ್ರೊಫೈಲ್ ಇಲ್ಲದೆ ತೆರೆದರೆ ಚಿತ್ರ ಪೂರ್ತಿ ಸಪ್ಪೆಯಾಗುತ್ತದೆ. ಮುಖದ ಬಣ್ಣ ಬೂದಿಯಾಗುತ್ತದೆ. ಯಾರಾದರೂ ಕಳಿಸಿದ ಫೋಟೋ ಹೀಗೆ ಕಂಡರೆ ಫೈಲಿನ ಹೆಸರು ನೋಡಿ. ಹಲವು ಡಿಎಸ್‌ಎಲ್‌ಆರ್ ಕ್ಯಾಮೆರಾಗಳು ಅಡೋಬಿ ಆರ್‌ಜಿಬಿಯಲ್ಲಿ ತೆಗೆದ ಫೋಟೋದ ಹೆಸರನ್ನು ಅಂಡರ್‌ಸ್ಕೋರ್‌ನಿಂದ ಶುರು ಮಾಡುತ್ತವೆ. ಮೆನುವಿನಲ್ಲಿ ಯಾರೋ ಬದಲಾಯಿಸಿ ಮರೆತಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ.

ಡಿಸ್‌ಪ್ಲೇ ಪಿ3 ಸಿನಿಮಾ ಥಿಯೇಟರಿನ ಡಿಜಿಟಲ್ ಪ್ರೊಜೆಕ್ಟರುಗಳ ಪಿ3ಯಿಂದ ಬಂದದ್ದು. ಆಪಲ್ ಅದನ್ನು 2015ರಲ್ಲಿ ಐಮ್ಯಾಕ್‌ಗೆ, 2016ರಲ್ಲಿ ಐಫೋನ್ 7ಕ್ಕೆ ತಂದಿತು. ಆಂಡ್ರಾಯ್ಡ್ 8ರಿಂದ ಆ ಕಡೆಯೂ ದೊಡ್ಡ ವ್ಯಾಪ್ತಿಯ ಬಣ್ಣಕ್ಕೆ ದಾರಿಯಾಯಿತು. ನೀಲಿ ಮೂಲೆ ಎಸ್‌ಆರ್‌ಜಿಬಿಯದ್ದೇ. ಕೆಂಪು ಮತ್ತು ಹಸಿರು ಎರಡೂ ದೂರ ಹೋಗಿವೆ. ವಿಸ್ತೀರ್ಣ ಎಸ್‌ಆರ್‌ಜಿಬಿಗಿಂತ ಕಾಲು ಭಾಗದಷ್ಟು ಜಾಸ್ತಿ. ಕೆಂಪು, ಕೇಸರಿ, ದಾಳಿಂಬೆ ಬಣ್ಣಗಳ ಸೀರೆಗೆ ಮೂರರಲ್ಲಿ ಇದೇ ಒಳ್ಳೆಯದು ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ. ಅದರ ಜೊತೆಗೆ ಇನ್ನೊಂದು ಅನುಕೂಲ: ಪಿ3 ತೋರಿಸುವ ಪರದೆಗಳು ಜನರ ಕೈಯಲ್ಲೇ ಇವೆ. ಅಡೋಬಿ ಆರ್‌ಜಿಬಿಯನ್ನು ಪೂರ್ತಿ ತೋರಿಸುವ ಮಾನಿಟರ್ ಬೇಕೆಂದರೆ ಜಾಸ್ತಿ ದುಡ್ಡು ಕೊಟ್ಟು ಹುಡುಕಬೇಕು.

ನಿಮ್ಮದೇ ವೆಬ್‌ಸೈಟ್ ಇದ್ದು, ಪ್ರೊಫೈಲ್ ಉಳಿಸಿಕೊಂಡು ಚಿತ್ರ ಹಾಕುವುದು ನಿಮ್ಮ ಕೈಯಲ್ಲಿದ್ದರೆ ಪಿ3 ಚಿತ್ರ ಹಾಕಬಹುದು. ಮಾರಾಟದ ದೊಡ್ಡ ತಾಣಗಳಿಗೆ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಎಸ್‌ಆರ್‌ಜಿಬಿಯೇ ಸರಿ. ರಾ ಫೈಲಿನಲ್ಲಿ ತೆಗೆಯುವವರಿಗೆ ಕ್ಯಾಮೆರಾ ಮೆನುವಿನ ಈ ಆಯ್ಕೆ ಮುಖ್ಯವೇ ಅಲ್ಲ. ಅದು ಕ್ಯಾಮೆರಾ ಮಾಡಿಕೊಡುವ ಜೆಪೆಗ್‌ಗೆ ಮಾತ್ರ ತಟ್ಟುತ್ತದೆ. ರಾ ಫೈಲಿನಿಂದ ಮುಂದೆ ಯಾವುದನ್ನು ಬೇಕಾದರೂ ತೆಗೆಯಬಹುದು.

ಮಡಿಕೆ ಮಾಯವಾಗುವ ಜಾಗ

ಈ ಒಂದು ತೊಂದರೆ ಬಗ್ಗೆ ವಿವರವಾಗಿ ಹೇಳಲೇಬೇಕು. ಇದನ್ನು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ರಾಣಿ ಬಣ್ಣದ ರೇಷ್ಮೆ ಸೀರೆಯ ಫೋಟೋ ತೆಗೆದು ಎಸ್‌ಆರ್‌ಜಿಬಿಗೆ ಬದಲಾಯಿಸಿದಿರಿ ಅನ್ನಿ. ಕೈಯಲ್ಲಿರುವ ಸೀರೆಯಲ್ಲಿ ಮಡಿಕೆಗಳಿವೆ, ನೂಲಿನ ಎಳೆ ಕಾಣುತ್ತದೆ, ಅಂಚಿನ ಹತ್ತಿರ ಸಣ್ಣ ಬುಟ್ಟಾ ಇದೆ. ಫೋಟೋದಲ್ಲಿ ಮಾತ್ರ ಬಣ್ಣ ಬಳಿದ ಹಾಗೆ ಒಂದೇ ಸಮ. ಫೋಟೋಶಾಪಿನಲ್ಲಿ ಕರ್ಸರನ್ನು ಆ ಜಾಗದ ಮೇಲೆ ಓಡಿಸಿ ಸಂಖ್ಯೆ ನೋಡಿ. ಕೆಂಪು 255, ಹಸಿರು 0, ನೀಲಿ ಮಾತ್ರ ಸ್ವಲ್ಪ ಹೆಚ್ಚು ಕಡಿಮೆ. ಪಕ್ಕದ ಮಡಿಕೆಗೆ ಹೋದರೂ 255, 0. ಬಣ್ಣ ತ್ರಿಕೋನದ ಹೊರಗಿತ್ತು. ಹೊರಗಿದ್ದ ಬೇರೆ ಬೇರೆ ಛಾಯೆಗಳೆಲ್ಲ ಗಡಿಗೆ ಬಂದು ಒಂದೇ ಆಗಿಬಿಟ್ಟಿವೆ. ಕಳೆದದ್ದು ಬಣ್ಣ ಮಾತ್ರ ಅಲ್ಲ, ನೇಯ್ಗೆಯೇ ಹೋಗಿದೆ. ನವಿಲು ಹಸಿರಿನಲ್ಲಿ ಇದೇ ಕಥೆ ಕೆಂಪಿನ ಸಂಖ್ಯೆಯಲ್ಲಿ ನಡೆಯುತ್ತದೆ. ಅದು 0ಗೆ ಅಂಟಿಕೊಂಡು ಕೂರುತ್ತದೆ.

ಕನ್ವರ್ಟ್ ಮಾಡುವಾಗ ಪರ್ಸೆಪ್ಚುವಲ್ (ಬಣ್ಣಗಳನ್ನೆಲ್ಲ ಒಟ್ಟಾಗಿ ಗಡಿಯೊಳಗೆ ಕುಗ್ಗಿಸುವ ಆಯ್ಕೆ) ಅಂತ ಆರಿಸಿದರೆ ಸಾಫ್ಟ್‌ವೇರ್ ತಾನೇ ಸರಿಮಾಡುತ್ತದೆ ಅಂತ ಹಲವರು ಹೇಳುತ್ತಾರೆ. ಮಾಮೂಲಿ ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲಿ ಅದಕ್ಕೆ ಬೇಕಾದ ಪಟ್ಟಿಯೇ ಇರುವುದಿಲ್ಲ. ಯಾವುದನ್ನು ಆರಿಸಿದರೂ ಗಡಿಯಲ್ಲಿ ಕತ್ತರಿಸುತ್ತದೆ. ಕೈಯಿಂದಲೇ ಮಾಡಬೇಕು. ರಾ ಫೈಲ್ ತೆರೆದು, ಆ ಒಂದು ಬಣ್ಣದ ಸ್ಯಾಚುರೇಷನ್ನನ್ನು (ಗಾಢತೆಯನ್ನು) ಸ್ವಲ್ಪ ಸ್ವಲ್ಪವೇ ಇಳಿಸಿ, ಬೇಕಾದರೆ ಎಕ್ಸ್‌ಪೋಷರ್ ಕೂಡ ಒಂದಿಷ್ಟು ಇಳಿಸಿ. 255 ಮತ್ತು 0 ಬಿಟ್ಟು ಸಂಖ್ಯೆ ಅಲುಗಾಡಲು ಶುರುವಾದ ಕೂಡಲೇ ಮಡಿಕೆಗಳು ಮತ್ತೆ ಕಾಣುತ್ತವೆ. ಬಣ್ಣ ಒಂದು ಗುಂಜಿ ಕಡಿಮೆಯಾದರೂ ರೇಷ್ಮೆ ರೇಷ್ಮೆಯ ಥರ ಕಾಣುವುದು ಮುಖ್ಯ. ಕೊಳ್ಳುವವರು ಗುರುತು ಹಿಡಿಯುವುದು ಅದನ್ನೇ.

ಜರಿಯ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಚಿನ್ನದ ಬಣ್ಣಕ್ಕೆ ಅಂತ ಯಾವ ಮೂರು ಸಂಖ್ಯೆಯೂ ಇಲ್ಲ. ನೋಡುವ ಕೋನ ಬದಲಾದಂತೆ ಹೊಳಪು ಬದಲಾಗುವುದೇ ಚಿನ್ನ. ನಿಂತ ಚಿತ್ರದಲ್ಲಿ ಅದು ಕಂದು ಹಳದಿ, ಮಧ್ಯೆ ಒಂದೆರಡು ಬಿಳಿ ಮಿಂಚು. ಸೆರಗನ್ನು ನಿಧಾನಕ್ಕೆ ಅಲ್ಲಾಡಿಸುವ ಹತ್ತು ಸೆಕೆಂಡಿನ ವಿಡಿಯೋ ಇದಕ್ಕೆ ಯಾವ ಕಲರ್ ಸ್ಪೇಸ್‌ಗಿಂತಲೂ ಒಳ್ಳೆಯ ಉತ್ತರ.

ಬೆಳಕು ಕೆಟ್ಟರೆ ಪ್ರೊಫೈಲ್ ಏನೂ ಮಾಡದು

ಸೀರೆಗೆ ಹೊಂದುವ ಬ್ಲೌಸ್ ಪೀಸನ್ನು ಅಂಗಡಿಯ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಅದು ಸರಿಯಾದ ವಿಜ್ಞಾನ. ಎರಡು ಬಟ್ಟೆ ಒಂದು ದೀಪದಡಿ ಒಂದೇ ಥರ ಕಂಡು, ಇನ್ನೊಂದರಡಿ ಬೇರೆಯಾಗಬಹುದು. ಸಾಮಾನ್ಯ ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಹೊಳೆಯುವ ಫಾಸ್ಫರ್ ಲೇಪ. ನೋಡಲು ಬಿಳಿಯೇ. ಆದರೆ ಕಡುಕೆಂಪು ಬೆಳಕು ಅದರಲ್ಲಿ ಕಡಿಮೆ. ಇಲ್ಲದ ಬೆಳಕನ್ನು ಕೆಂಪು ಸೀರೆ ಹಿಂದಕ್ಕೆ ಕಳಿಸಲಾರದು, ಕಂದಾಗುತ್ತದೆ.

ದೀಪ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಸಿಆರ್‌ಐ ನೋಡಿ, ಆ ದೀಪದಡಿ ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತವೆ ಅಂತ ಹೇಳುವ ಸಂಖ್ಯೆ ಅದು. 80ರದ್ದು ಬೇಡ, 90 ದಾಟಿದ್ದು ತೆಗೆದುಕೊಳ್ಳಿ. ಅದರ ಜೊತೆ ಆರ್9 ಎಂಬ ಸಂಖ್ಯೆ ಕೊಟ್ಟಿದ್ದಾರಾ ನೋಡಿ. ಸಿಆರ್‌ಐ ಲೆಕ್ಕ ಎಂಟು ತಿಳಿ ಬಣ್ಣಗಳ ಸರಾಸರಿ, ಕಡುಕೆಂಪಿನ ಪರೀಕ್ಷೆಯಾದ ಆರ್9 ಅದರಲ್ಲಿ ಸೇರುವುದಿಲ್ಲ. ಕುಂಕುಮ ಕೆಂಪಿನ ಸೀರೆ ತೆಗೆಯುವವರಿಗೆ ಬೇಕಾದದ್ದು ಅದೇ. ದುಡ್ಡು ಹಾಕುವ ಮನಸ್ಸಿಲ್ಲವಾ? ಉತ್ತರ ದಿಕ್ಕಿನ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗ, ಮೊದಲ ಫೋಟೋದಲ್ಲಿ ಒಂದು ಬೂದು ಕಾರ್ಡ್. ಆ ಕಾರ್ಡಿನ ಮೇಲೆ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಉಳಿದ ಫೋಟೋಗಳೂ ಸರಿಹೋಗುತ್ತವೆ. ಸೀರೆಯ ಹಿಂದೆ ಬಣ್ಣದ ಗೋಡೆ ಇದ್ದರೆ ಆ ಬಣ್ಣವೂ ರೇಷ್ಮೆಯ ಮೇಲೆ ಬೀಳುತ್ತದೆ, ಅದನ್ನೂ ಗಮನಿಸಿ.

ಯಾವ ಪರದೆಯಲ್ಲಿ ಎಡಿಟ್ ಮಾಡಬೇಕು?

ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರ್, ರ‍್ಯಾಮ್ ನೋಡುತ್ತೇವೆ, ಪರದೆಯ ಸಾಲನ್ನು ಓದುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 45% ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ. ಇದು 1953ರ ಅಮೆರಿಕದ ಬಣ್ಣದ ಟೀವಿ ಅಳತೆಗೆ ಹೋಲಿಸಿದ ಲೆಕ್ಕ. ಎಸ್‌ಆರ್‌ಜಿಬಿ ಪೂರ್ತಿ ಇರಬೇಕಾದರೆ ಈ ಸಂಖ್ಯೆ ಸುಮಾರು 72 ಇರಬೇಕು. 45 ಅಂದರೆ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗದ ಆಸುಪಾಸು. ಅಂಥ ಪರದೆಯಲ್ಲಿ ಕೆಂಪು ಪೇಲವವಾಗಿ ಕಾಣುತ್ತದೆ, ಸಾಲದು ಅಂತ ನೀವು ಬಣ್ಣ ಏರಿಸುತ್ತೀರಿ, ಗ್ರಾಹಕರ ಒಳ್ಳೆಯ ಮೊಬೈಲಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಎಡಿಟಿಂಗ್ ಮಾಡುವವರಿಗೆ 100% ಎಸ್‌ಆರ್‌ಜಿಬಿ ಕನಿಷ್ಠ ಅಗತ್ಯ. ಅದಕ್ಕಿಂತ ಕೆಳಗಿನದ್ದು ಎಷ್ಟೇ ಅಗ್ಗವಾದರೂ ಬೇಡ.

ಎಲ್‌ಸಿಡಿಯಾ, ಒಎಲ್‌ಇಡಿಯಾ? ಎಲ್‌ಸಿಡಿಯಲ್ಲಿ ಹಿಂದೆ ಒಂದು ಬಿಳಿ ದೀಪ, ಮುಂದೆ ಮೂರು ಬಣ್ಣದ ಫಿಲ್ಟರು, ಮಧ್ಯೆ ಬೆಳಕಿಗೆ ದಾರಿ ಬಿಡುವ ಮುಚ್ಚುವ ದ್ರವ ಹರಳು. ಪೂರ್ತಿ ಮುಚ್ಚಿದರೂ ಸ್ವಲ್ಪ ಬೆಳಕು ಸೋರುತ್ತದೆ, ಹಾಗಾಗಿ ಕಪ್ಪು ಸ್ವಲ್ಪ ಬೂದು. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕಿ ತಾನೇ ಉರಿಯುತ್ತದೆ, ಬೇಡವಾದಾಗ ಪೂರ್ತಿ ಆರುತ್ತದೆ. ಕಪ್ಪು ಒಡಲಿನ ಚಂದ್ರಕಾಳಿ ಸೀರೆ ಒಎಲ್‌ಇಡಿಯಲ್ಲಿ ನೋಡಲು ಬಲು ಸೊಗಸು. ಆದರೂ ಎಡಿಟಿಂಗ್‌ಗೆ ನನ್ನ ಮತ ಒಳ್ಳೆಯ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆ) ಎಲ್‌ಸಿಡಿ ಮಾನಿಟರಿಗೆ. ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದರೆ (ಬಣ್ಣವನ್ನು ಅಳೆದು ಹೊಂದಿಸಿದರೆ) ಬಹುಕಾಲ ಹಾಗೇ ಇರುತ್ತದೆ, ಒಂದೇ ಮೆನು ಪಟ್ಟಿ ದಿನವಿಡೀ ನಿಂತರೂ ಗುರುತು ಉಳಿಯುವ ಭಯವಿಲ್ಲ. ಒಎಲ್‌ಇಡಿ ಮೊಬೈಲನ್ನು ಕೊನೆಯಲ್ಲಿ ಪರೀಕ್ಷೆ ನೋಡಲು ಇಟ್ಟುಕೊಳ್ಳಿ. ಕ್ವಾಂಟಮ್ ಡಾಟ್ ಅಂತ ಬರುವ ಪರದೆಗಳಲ್ಲಿ ನೀಲಿ ಬೆಳಕನ್ನೇ ನ್ಯಾನೋ ಕಣಗಳು ಶುದ್ಧ ಕೆಂಪು ಮತ್ತು ಹಸಿರಾಗಿ ಬದಲಾಯಿಸುತ್ತವೆ. 2023ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿದ್ದು ಈ ಕಣಗಳನ್ನು ಕಂಡುಹಿಡಿದು ರೂಪಿಸಿದ ಕೆಲಸಕ್ಕೇ. ಪಿ3 ಬೇಕೆನ್ನುವವರಿಗೆ ಇವು ಒಳ್ಳೆಯ ಆಯ್ಕೆ.

ಆ ನೀರಿನ ಹನಿಯನ್ನು ಒಎಲ್‌ಇಡಿ ಮೊಬೈಲಿನ ಬಿಳಿ ಭಾಗದ ಮೇಲಿಟ್ಟರೆ ಹಸಿರು ಚುಕ್ಕಿಗಳು ಜಾಸ್ತಿ ಕಾಣುತ್ತವೆ. ಅನೇಕ ಮೊಬೈಲುಗಳಲ್ಲಿ ಪ್ರತಿ ಪಿಕ್ಸೆಲ್‌ಗೂ ಹಸಿರು ಇರುತ್ತದೆ, ಕೆಂಪು ಮತ್ತು ನೀಲಿ ಅದರ ಅರ್ಧ. ನಮ್ಮ ಕಣ್ಣಿಗೆ ಬಿಳಿಯ ಪ್ರಕಾಶದಲ್ಲಿ ಶೇಕಡ 72ರಷ್ಟು ಬರುವುದು ಹಸಿರಿನಿಂದ, 21 ಕೆಂಪಿನಿಂದ, ನೀಲಿಯಿಂದ ಬರೀ 7. ಅದಕ್ಕೇ ಹೀಗೆ. 1970ರ ದಶಕದಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ಕ್ಯಾಮೆರಾ ಸೆನ್ಸರಿನ ಫಿಲ್ಟರುಗಳನ್ನು ಜೋಡಿಸಿದ್ದೂ ಇದೇ ಲೆಕ್ಕದಲ್ಲಿ, ಅರ್ಧ ಹಸಿರು, ಉಳಿದರ್ಧದಲ್ಲಿ ಕೆಂಪು ನೀಲಿ.

ಮೊಬೈಲಿನ ವಿವಿಡ್ ಸೆಟ್ಟಿಂಗ್ ಬಗ್ಗೆ ಒಂದೇ ಮಾತು: ಬಣ್ಣ ಪರೀಕ್ಷಿಸುವಾಗ ಅದು ಬೇಡ, ನ್ಯಾಚುರಲ್ ಇಡಿ. ರಾತ್ರಿ ನೀಲಿ ಕಡಿಮೆ ಮಾಡುವ ಮೋಡ್ ಕೂಡ ಆಫ್ ಮಾಡಿ. ಕೊಳ್ಳುವವರಿಗೂ ಇದನ್ನು ಫೋಟೋದ ಕೆಳಗೆ ಒಂದು ಸಾಲಿನಲ್ಲಿ ಬರೆಯಬಹುದು. "ಬಣ್ಣದಲ್ಲಿ ವ್ಯತ್ಯಾಸವಿರಬಹುದು" ಎಂಬ ಮಾಮೂಲಿ ಸೂಚನೆಗಿಂತ ಅದರಿಂದ ಉಪಯೋಗ ಜಾಸ್ತಿ.

ಫೈಲ್: ಜೆಪೆಗ್, ಪಿಎನ್‌ಜಿ, ಬಿಟ್ ಲೆಕ್ಕ

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಬಣ್ಣಕ್ಕೆ 8 ಬಿಟ್ ಅಂದರೆ 256 ಹಂತ, ಮೂರೂ ಸೇರಿ 1.67 ಕೋಟಿ ಬಣ್ಣ. ಕಳಿಸಲು ಅದು ಸಾಕು. ಎಡಿಟ್ ಮಾಡುವಾಗ ಮಾತ್ರ 16 ಬಿಟ್‌ನಲ್ಲಿ ಮಾಡಿ, ಇಲ್ಲದಿದ್ದರೆ ಹಿನ್ನೆಲೆಯ ನಯವಾದ ನೆರಳಿನಲ್ಲಿ ಪಟ್ಟೆ ಪಟ್ಟೆ ಕಾಣಿಸಿಕೊಳ್ಳುತ್ತದೆ. ಮಾನಿಟರಿನ ವಿವರದಲ್ಲಿ 1.62 ಕೋಟಿ ಬಣ್ಣ ಅಂತ ಕಂಡರೆ ಅದು 6 ಬಿಟ್ ಪರದೆ, ಚುಕ್ಕಿಗಳನ್ನು ಬೇಗ ಬೇಗ ಬದಲಾಯಿಸಿ 8 ಬಿಟ್‌ನಂತೆ ತೋರಿಸುತ್ತದೆ.

ಸೀರೆಯ ಫೋಟೋಗೆ ಜೆಪೆಗ್ ಸರಿ. ಅಕ್ಷರಗಳಿರುವ ಪೋಸ್ಟರಿಗೆ ಪಿಎನ್‌ಜಿ. ಜೆಪೆಗ್ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಟ್ಟುಕೊಳ್ಳುತ್ತದೆ. ನೀಲಿಯ ಮೇಲೆ ಕೆಂಪು ಅಕ್ಷರ ಬರೆದರೆ ಎರಡರ ಪ್ರಕಾಶವೂ ಹತ್ತಿರ ಹತ್ತಿರ. ಅಂಚು ಗೊತ್ತಾಗುವುದು ಬಣ್ಣದಿಂದಲೇ, ಆ ಬಣ್ಣವೇ ಮಸುಕು. ಕನ್ನಡದ ಸಣ್ಣ ಒತ್ತಕ್ಷರಗಳು ಕಲಸಿಹೋಗುತ್ತವೆ. ಹಳದಿಯ ಮೇಲಿನ ಕೆಂಪು ಅಷ್ಟು ಕೆಡುವುದಿಲ್ಲ, ಹಳದಿಯ ಪ್ರಕಾಶ ಕೆಂಪಿಗಿಂತ ಎಷ್ಟೋ ಜಾಸ್ತಿ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಚಿಕ್ಕದಾಗದೆ ಹಾಗೇ ಹೋಗುತ್ತದೆ.

ಸಣ್ಣ ಚೌಕಳಿಯ ಸೀರೆ ಇದ್ದರೆ ಇನ್ನೊಂದು ಎಚ್ಚರ. 128 ಅಂದರೆ ಅರ್ಧ ಬೆಳಕು ಅಂದುಕೊಳ್ಳುತ್ತೇವೆ, ಪರದೆ ಆಗ ಹೊರಡಿಸುವುದು ಸುಮಾರು ಶೇಕಡ 22. ಅರ್ಧ ಬೆಳಕಿಗೆ 188 ಬೇಕು. ಹೆಚ್ಚಿನ ಸಾಫ್ಟ್‌ವೇರುಗಳು ಚಿತ್ರ ಚಿಕ್ಕದು ಮಾಡುವಾಗ ಸಂಖ್ಯೆಗಳನ್ನೇ ಸರಾಸರಿ ಮಾಡುತ್ತವೆ. ಕಪ್ಪು ಬಿಳಿ ಚೌಕಳಿ ಬೆರೆತು ಇರಬೇಕಾದ್ದಕ್ಕಿಂತ ಕಪ್ಪಾಗುತ್ತದೆ. ಲೀನಿಯರ್ ಬೆಳಕಿನಲ್ಲಿ, ಅಂದರೆ ಸಂಖ್ಯೆಯ ಬದಲು ನಿಜವಾದ ಬೆಳಕನ್ನೇ ಸರಾಸರಿ ಮಾಡಿ, ಚಿಕ್ಕದು ಮಾಡುವ ಆಯ್ಕೆ ಇದ್ದರೆ ಅದನ್ನೇ ಬಳಸಿ.

ಅಚ್ಚಿಗೆ ಕೊಡುವಾಗ

ಪರದೆ ಕತ್ತಲೆಯಿಂದ ಶುರುಮಾಡಿ ಬೆಳಕು ಸೇರಿಸುತ್ತದೆ. ಅಚ್ಚು ಬಿಳಿ ಹಾಳೆಯಿಂದ ಶುರುಮಾಡಿ ಬೆಳಕು ಕಳೆಯುತ್ತದೆ. ಸಯಾನ್ ಇಂಕು ಕೆಂಪನ್ನು ನುಂಗುತ್ತದೆ, ಮಜೆಂತಾ ಹಸಿರನ್ನು, ಹಳದಿ ನೀಲಿಯನ್ನು. ಅದೇ ಮೂರು ಬೆಳಕಿನ ಆಟ, ಹಿಂದುಮುಂದಾಗಿ. ಮೂರೂ ಸೇರಿದರೆ ಕಪ್ಪು ಸರಿಯಾಗಿ ಬರುವುದಿಲ್ಲ, ಅದಕ್ಕೆ ನಾಲ್ಕನೆಯದಾಗಿ ಕಪ್ಪು ಇಂಕು. ಪರದೆಯ ಗಾಢ ಹಸಿರು, ಗಾಢ ನೀಲಿಗಳು ಈ ನಾಲ್ಕರಲ್ಲಿ ಸಿಗುವುದಿಲ್ಲ. ನೀಲಿ ನೇರಳೆಯ ಕಡೆ ವಾಲುತ್ತದೆ, ಹೊಳೆಯುವ ರಾಣಿ ಬಣ್ಣ ಮಂಕಾಗುತ್ತದೆ. ಆ ಬಣ್ಣ ಬೇಕೇ ಬೇಕೆಂದರೆ ಅದಕ್ಕೇ ಬೆರೆಸಿದ ಐದನೆಯ ಇಂಕು ಹಾಕಿಸಬೇಕು, ಖರ್ಚು ಜಾಸ್ತಿ.

ಎಲ್ಲವನ್ನೂ ನೀವೇ ಮೊದಲೇ ಸಿಎಂವೈಕೆ (ಈ ನಾಲ್ಕು ಇಂಕುಗಳ ಲೆಕ್ಕ) ಮಾಡಿಡಬೇಡಿ. ಆರ್ಟ್ ಪೇಪರಿಗೆ ಒಂದು ಲೆಕ್ಕ, ನ್ಯೂಸ್‌ಪ್ರಿಂಟಿಗೆ ಇನ್ನೊಂದು. ಪ್ರೆಸ್ಸಿನವರಿಂದ ಅವರ ಪ್ರೊಫೈಲ್ ಪಡೆದು ಕೊನೆಯಲ್ಲಿ ಒಂದೇ ಸಲ ಬದಲಾಯಿಸಿ. ಇಲ್ಲಿ ಪರ್ಸೆಪ್ಚುವಲ್ ನಿಜವಾಗಿ ಕೆಲಸ ಮಾಡುತ್ತದೆ, ಅಚ್ಚಿನ ಪ್ರೊಫೈಲುಗಳಲ್ಲಿ ಅದಕ್ಕೆ ಬೇಕಾದ ಪಟ್ಟಿ ಇರುತ್ತದೆ. ಫೋಟೋ ಲ್ಯಾಬ್‌ಗೆ ಕೊಡುವ ಪ್ರಿಂಟಿಗೆ ಸಿಎಂವೈಕೆ ಬೇಕಿಲ್ಲ, ಅವರು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಜೆಪೆಗ್ ಕೇಳುತ್ತಾರೆ.

ಕ್ಯಾಟಲಾಗ್ ಆದರೆ ಅದೇ ಹಾಳೆಯ ಮೇಲೆ ಒಂದು ಪುಟ ಪ್ರೂಫ್ ತೆಗೆಸಿ. ಸೀರೆಯನ್ನು ಪ್ರೆಸ್ಸಿಗೆ ತೆಗೆದುಕೊಂಡು ಹೋಗಿ, ಪ್ರೂಫ್ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಒಪ್ಪಿಗೆಯಾದ ಹಾಳೆಗೆ ಸಹಿ ಹಾಕಿ ಅಲ್ಲೇ ಬಿಟ್ಟು ಬನ್ನಿ. ಮೆಷಿನ್ ಓಡಿಸುವವರು ಇಂಕು ಹೊಂದಿಸುವಾಗ ನೋಡುವುದು ಆ ಹಾಳೆಯನ್ನೇ.